ಭೀಮಸಿಯ ಹೊಟ್ಟೆಗೆ ಇಳಿದ ಹಿಂಡು

ಬೋರಗಾಂವದ ಕುರಿಗಾರ ಭೀಮಸಿ, ಒಂದು ಕಾಲಕ್ಕೆ ತೋಳವನ್ನು ಬರಿಗೈಯಲ್ಲಿ ಅಟ್ಟಿದವನು, ಆ ದಿನ ಅಡುಗೆಮನೆಯ ಒಂದು ಗಾಜಿನ ಬರಣಿಗೆ ಹೆದರಿ ಬೆವೆತುಬಿಟ್ಟ.

ಸೊಸೆ ಉಜ್ವಲಾ ಗಜ್ಜರಿ, ಮೂಲಂಗಿ ಹೆಚ್ಚಿ, ಉಪ್ಪುನೀರಿನಲ್ಲಿ ಹುಳಿ ಬರಲು ಇಟ್ಟಿದ್ದ ಬರಣಿ ಅದು. ಮಧ್ಯಾಹ್ನ ರೊಟ್ಟಿಯ ಜೊತೆ ಅದನ್ನು ಎರಡು ಸಲ ಕೇಳಿ ಹಾಕಿಸಿಕೊಂಡು ತಿಂದವನು ಅವನೇ. ಕೈ ತೊಳೆದು ಬರುವಾಗ ಬರಣಿಯಲ್ಲಿ ಗುಳ್ಳೆ ಏಳುವುದು ಕಾಣಿಸಿತು.

"ಏನವು?"

"ಬ್ಯಾಕ್ಟೀರಿಯಾ ಅದಾವ್ರಿ ಮಾವಾರ. ಉಸರ ಬಿಡಾಕತ್ತಾವು. ಹೊಟ್ಟಿಗಿ ಚಲೋ ಅಂತ್ರಿ."

"ಜೀವಂತ ಅದಾವು?"

"ಹೌದ್ರಿ."

"ನಾ ತಿಂದೂವೂ?"

"ಅವೂ."

ಭೀಮಸಿಯ ಹೊಟ್ಟೆ ಗುರ್ ಎಂದಿತು. (ದಿನವೂ ಅನ್ನುತ್ತಿತ್ತು, ಅವನಿಗೆ ಕೇಳಿಸಿದ್ದು ಅಂದೇ.) ಹುಳ ಬಿದ್ದು ಹೊಟ್ಟೆ ಉಬ್ಬಿ ಸತ್ತ ಕುರಿಗಳೆಲ್ಲ ಕಣ್ಣ ಮುಂದೆ ಸಾಲಾಗಿ ಬಂದವು. ಕುರಿಯ ರೋಗ ನೋಡುವಂತೆ ಕನ್ನಡಿಯಲ್ಲಿ ತನ್ನ ಕೆಳರೆಪ್ಪೆ ಎಳೆದು ನೋಡಿದ. ಹುಳ ಬಿದ್ದ ಕುರಿಯದರಂತೆ ಬೆಳ್ಳಗಿತ್ತು! ಅಥವಾ ಬೆಳ್ಳಗಿದ್ದಂತೆ ಕಂಡಿತು. ಸಾಕ್ಷಾತ್ ಯಮಧರ್ಮನೇ ಗಜ್ಜರಿಯ ವೇಷದಲ್ಲಿ ಬಂದಿದ್ದ.

ಅವನು ಹಿತ್ತಲಿಗೆ ಓಡಿ ಕುರಿಗಳ ಹುಳದ ಔಷಧ ತೆಗೆದು, ಅದನ್ನು ಕುಡಿಸುವ ಬಿದಿರಿನ ಗೊಟ್ಟಕ್ಕೆ ಸುರಿದುಕೊಂಡ. ಗೊಟ್ಟ ಬಾಯಿಯ ಹತ್ತಿರ ಹೋಗುವಷ್ಟರಲ್ಲಿ ಹೆಂಡತಿ ಕೆಂಪವ್ವ ಕೈ ಹಿಡಿದಳು.

"ಏನ್ ಮಾಡಾಕತ್ತೀರಿ? ಅದು ಕುರಿ ಔಷಧ!"

"ನನಗ ಹುಳಾ ಬಿದ್ದಾವು ಕೆಂಪಿ. ಸೊಸಿ ತಿನಿಸ್ಯಾಳ. ನಾ ಉಳಿಯಾಂಗಿಲ್ಲ. ಕರೀ ಟಗರು ಮಾತ್ರ ಮಾರಬ್ಯಾಡ್ರಿ."

"ಹಂಗಾರ ಆ ಟಗರಿಗರ ಒಂದೀಟು ಔಷಧ ಉಳಸ್ರಿ!"

ಉಜ್ವಲಾ ಓಡಿಬಂದು ಗೊಟ್ಟ ಕಸಿದುಕೊಂಡಳು. "ಮಾವಾರ, ಇವು ಹುಳಾ ಅಲ್ರಿ. ಹೊಟ್ಟ್ಯಾಗಿನ ಹುಳಿ ರಸ ದಾಟೂದ್ರಾಗ ಭಾಳ ಸತ್ತ ಹೋಗ್ತಾವು. ಹೊಳಿ ದಾಟೂ ಮುಂದ ಕುರಿ ಕೊಚ್ಚಿ ಹೋಗ್ತಾವಲ್ರಿ, ಹಂಗ. ದಾಟಿದೂವು ಕರಳಾಗ ನಾಕ್ ದಿನ ಇದ್ದು ಮುಂದ ಹೋಗ್ತಾವು."

ಭೀಮಸಿಯ ಮುಖಕ್ಕೆ ರಕ್ತ ಬಂತು. ಇದು ಅವನಿಗೆ ಗೊತ್ತಿದ್ದ ಶಾಸ್ತ್ರ. "ಅಂದ್ರ ಮಂದಿ ಹೊಲದಾಗ ನಾವು ಕುರಿ ನಿಂದ್ರಸ್ತೀವಲ್ಲ, ಹಂಗನ ಅನ್ನು! ಗೊಬ್ಬರಾ ಹಾಕೂದು, ಹೋಗೂದು. ಹೋಗ್ಲಿ, ಪೀಡಾ ತಾನ ಹೋಗ್ತೈತಿ."

"ಎಲ್ಲಿ ಹೋಗೂದು?" ಕೆಂಪವ್ವ ಸೊಂಟಕ್ಕೆ ಕೈ ಕೊಟ್ಟಳು. "ದ್ರಾಕ್ಷಿ ತ್ವಾಟದ ದಾದಾಸಾಹೇಬ್ರಿಗೆ ವರ್ಷಾ ವರ್ಷಾ ಏನಂತೀರಿ? 'ಒಮ್ಮಿ ಕುರಿ ನಿಂದ್ರಿಸಿದ್ರ ಸಾಲಂಗಿಲ್ರಿ ಸಾವಕಾರ, ಮತ್ತ ಮತ್ತ ನಿಂದ್ರಸಬೇಕ್ರಿ' ಅಂತೀರಿಲ್ಲೋ? ಉಜ್ವಲಾ, ಇವರಿಗೆ ಸಂಜೀಕೂ ಹಾಕು, ನಾಳಿಗೂ ಹಾಕು."

ಮೂವತ್ತು ವರ್ಷ ಹೊಲದ ಧಣಿಗಳ ಬಾಯಿ ಮುಚ್ಚಿಸಿದ್ದ ಮಾತು ಅದು. ಭೀಮಸಿ ಸೊಸೆಯ ಕೈಯಿಂದ ಗೊಟ್ಟ ತೆಗೆದುಕೊಂಡು ಔಷಧವನ್ನು ತಿರುಗಿ ಸೀಸೆಗೆ ಸುರಿದ.

ಸಂಜೆ ತಾಟಿಗೆ ಗಜ್ಜರಿ ಬಂತು. ಅವನು ಒಂದು ಹೋಳನ್ನು ನಾಲಿಗೆಯ ಮೇಲೆ ಇಟ್ಟುಕೊಂಡು, ಕಣ್ಣು ಅರಳಿಸಿ, ಕುತ್ತಿಗೆ ಎತ್ತಿ, ಅಗಿಯದೆ ನುಂಗಲು ಹೆಣಗತೊಡಗಿದ.

"ಯಾಕ್ರಿ, ಹಲ್ಲ ಬಿದ್ದಾವೇನು?" ಎಂದಳು ಕೆಂಪವ್ವ.

ಹೋಳು ಹೇಗೋ ಇಳಿಯಿತು. ಭೀಮಸಿ ಕಣ್ಣೀರು ಒರೆಸಿಕೊಂಡ.

"ಸುಮ್ಮಿರು. ಹೊಳ್ಯಾಗ ಹೆಂಗೂ ಸಾಯ್ತಾವು. ದಂಡೀ ಮ್ಯಾಲನ ಹಲ್ಲಿಲೆ ತುಳದು ಕೊಲ್ಲಲೇನು?"