ನಮ್ಮ ಕಟ್ಟೆಯ ಮುಂದೆ ನಿಂತ ಬಸ್ಸು

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಊರವರೆಲ್ಲ ಹೇಳುತ್ತಾರೆ. ಶುದ್ಧ ಸುಳ್ಳು. ಹೋದದ್ದು ತಾನೇ ಮತ್ತೆ ಬರಬೇಕು? ನನ್ನ ಸಿಟ್ಟು ಹೋಗುವುದೇ ಇಲ್ಲ. ಹೆಂಡತಿ ಇದನ್ನು ಹುಟ್ಟುಗುಣ ಎನ್ನುತ್ತಾಳೆ. ಹುಟ್ಟುಗುಣವೂ ಅಲ್ಲ, ಮಣ್ಣೂ ಅಲ್ಲ. ಮೊದಲು ನಾನು ಆಕಳಿನಂಥ ಮನುಷ್ಯನಾಗಿದ್ದೆ. ನನ್ನನ್ನು ಹೀಗೆ ಮಾಡಿದ್ದು ನಮ್ಮೂರ ಪೇಟೆ ಬೀದಿ. ಹಾನಗಲ್ಲಿನಿಂದ ಹಿರೇಕೆರೂರಿನ ಕಡೆಗೆ ಹೋಗುವ ರಸ್ತೆಯೇ ಊರೊಳಗೆ ಬಂದಾಗ ಪೇಟೆ ಬೀದಿ ಎನಿಸಿಕೊಳ್ಳುತ್ತದೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅದಕ್ಕೂ ಒಂದು ಜಗಳ ತೆಗೆಯುವವರಿದ್ದಾರೆ.

ನಾನು ಸಣ್ಣವನಿದ್ದಾಗ ಆ ಬೀದಿಯಲ್ಲಿ ಭತ್ತದ ಚಕ್ಕಡಿಗಳು ಬರುತ್ತಿದ್ದವು, ಸವಣೂರಿನಿಂದ ಬಳೆ ಹೊತ್ತವರು ಬರುತ್ತಿದ್ದರು. ಮತ್ತೆ ನಮ್ಮ ಎಮ್ಮೆಗಳು, ರಸ್ತೆ ತಮ್ಮಪ್ಪನದೇ ಎಂಬಂತೆ ನಡುಬೀದಿಯಲ್ಲಿ ಮಲಗುತ್ತಿದ್ದವು. ಎಮ್ಮೆ ಎದ್ದಮೇಲೆ ಚಕ್ಕಡಿ ಮುಂದೆ ಹೋಗಬೇಕು. ಅದರಲ್ಲಿ ಯಾರಿಗೂ ಅವಮಾನವಿರಲಿಲ್ಲ. ಆಮೇಲೆ ಬಂತು ನೋಡಿ ಸುಧಾರಣೆ! ಮೊದಲು ಸೈಕಲ್ ಅಂಗಡಿ. ಅದರ ಪಕ್ಕಕ್ಕೆ ಚಹದಂಗಡಿ. ಚಹದಂಗಡಿಯವನು ಗ್ರಾಮಫೋನ್ ತಂದ. ಅವನ ಹತ್ತಿರ ಇದ್ದದ್ದು ಒಂದೇ ಹಾಡಿನ ತಟ್ಟೆ. ಬೆಳಗಿನಿಂದ ಸಂಜೆಯವರೆಗೆ ಅದೇ ಹೆಂಗಸು ಅದೇ ದುಃಖಕ್ಕೆ ಅಳುತ್ತಿದ್ದಳು. ಅದನ್ನೂ ಸಹಿಸಿದೆ. ಕೊನೆಗೆ ಮೋಟಾರು ಬಸ್ಸು ಬಂತು. ಬಂದದ್ದು ಇಡೀ ಬೀದಿ ಬಿಟ್ಟು ಸರಿಯಾಗಿ ನಮ್ಮ ಮನೆಯ ಮುಂದೆಯೇ ನಿಂತಿತು.

ಯಾಕೆ ಎಂದು ಕಂಡಕ್ಟರ್ ಹುಸೇನಸಾಬನನ್ನು ಕೇಳಿದೆ. ಬೈದರೂ ನಗುತ್ತಲೇ ಇರುವ ಮನುಷ್ಯ. ಅಂಥವರನ್ನು ಕಂಡರೆ ನನಗೆ ಇನ್ನಷ್ಟು ಉರಿಯುತ್ತದೆ. "ನಿಮ್ಮ ಮನಿ ಮುಂದ ಕಟ್ಟಿ ಐತಲ್ರಿ ಯಜಮಾನ್ರ, ಮಂದಿ ಕುಂದ್ರಾಕ ಚಲೋ ಆಗ್ತೈತಿ" ಎಂದ. ಆ ಕಟ್ಟೆ ಕಟ್ಟಿಸಿದವನು ನಮ್ಮಪ್ಪ. ಅವನು ಬಸ್ಸನ್ನು ಕಣ್ಣಿನಿಂದ ಕಂಡವನಲ್ಲ. ದಿನವಿಡೀ ದಲಾಲಿ ಅಂಗಡಿಯಲ್ಲಿ ಬೆನ್ನು ಬಗ್ಗಿಸಿ ದುಡಿದು ಬಂದ ನಾನು ಸಂಜೆ ಆ ಕಟ್ಟೆಯ ಮೇಲೆ ಗೋಡೆಗೆ ಒರಗಿ ಒಂದು ತಾಸು ಕೂರುತ್ತಿದ್ದೆ. ಆ ಒಂದು ತಾಸು ಬಿಟ್ಟರೆ ಈ ಲೋಕದಿಂದ ನನಗೆ ಬೇರೇನೂ ಬೇಕಿರಲಿಲ್ಲ. ಈಗ ಬಂದು ನೋಡಿದರೆ ನನ್ನ ಜಾಗದಲ್ಲಿ ಚಿಕ್ಕೇರೂರಿನ ಯಾರದೋ ಗಂಟು.

ಯುದ್ಧ ಶುರುವಾದ ಮೇಲಂತೂ ಕೇಳಬೇಡಿ. ಪೆಟ್ರೋಲು ಸಿಗದೆ ಬಸ್ಸಿನ ಬೆನ್ನಿಗೆ ಇದ್ದಿಲಿನ ದೊಡ್ಡ ಒಲೆ ಕಟ್ಟಿದರು. ಅದಕ್ಕೆ ಬೆಂಕಿ ಹಾಕಿ, ಹುಸೇನಸಾಬ ಗಾಳಿಯ ಚಕ್ರವನ್ನು ಕೈಯಿಂದ ತಿರುವಿ ತಿರುವಿ, ಗ್ಯಾಸು ಹುಟ್ಟಿ, ಆ ಗ್ಯಾಸು ಇಂಜಿನ್ನಿನ ಮನಸ್ಸಿಗೆ ಬಂದರೆ ಬಸ್ಸು ಹೊರಡುತ್ತಿತ್ತು. ಅಲ್ಲಿಯವರೆಗೆ ಹೊಗೆ ನಮ್ಮ ಮನೆಗೆ, ಮಂದಿ ನಮ್ಮ ಕಟ್ಟೆಗೆ. ಒಣಹಾಕಿದ ನನ್ನ ಬಿಳಿ ಧೋತರ ಬೂದಿ ಬಳಿದುಕೊಂಡು ಸನ್ಯಾಸಿಯಾಯಿತು. ಇಷ್ಟು ಸಾಲದೆಂದು ನಮ್ಮ ಅವ್ವ. ಕಟ್ಟೆಗೆ ಬಂದು ಕೂತವರನ್ನು ಬೆಲ್ಲ ನೀರು ಕೊಡದೆ ಕಳಿಸಬಾರದು ಎಂಬುದು ಅವಳ ಕಾಯಿದೆ. ದಿನಕ್ಕೊಬ್ಬ ದಾರಿಹೋಕ ಕೂರುವ ಕಾಲಕ್ಕೆ ಆ ಕಾಯಿದೆ ಸರಿ. ಈಗ ಇಡೀ ಬಸ್ಸಿನ ಮಂದಿ! ಬಾವಿಯಿಂದ ನೀರು ಸೇದಿ ಸೇದಿ ಹೆಂಡತಿಯ ಅಂಗೈಯಲ್ಲಿ ಬೊಬ್ಬೆಗಳೆದ್ದವು.

"ಅವ್ವಾ, ಇವ್ರು ನಮ್ಮ ಬೀಗರಲ್ಲ, ಬಸ್ಸಿನ ಮಂದಿ!" ಎಂದು ಕೂಗಿದೆ.

"ಬಸ್ಸಿನ ಮಂದಿಗೆ ನೀರಡಿಕಿ ಆಗೂದಿಲ್ಲೇನು? ನೀ ಸುಮ್ನ ಕುಂದರು" ಎಂದಳು.

ಎಲ್ಲಿ ಕೂರಲಿ? ಕೂರಲು ಜಾಗವಿಲ್ಲ ಎಂಬುದೇ ನನ್ನ ಗೋಳು!

ಒಂದು ಸಂಜೆ ಹಂಸಭಾವಿಯ ಹಿರಿಯರೊಬ್ಬರು ನನ್ನ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ನನ್ನನ್ನು ಕಂಡು ಪಾಪ, ಸ್ವಲ್ಪ ಸರಿದು, "ಬರ್ರಿ, ಕುಂದರ್ರಿ. ಬಸ್ಸು ಬಿಡಾಕ ಇನ್ನೂ ಹೊತ್ತೈತಿ. ಯಾವೂರಾತ್ರಿ ನಿಮ್ದು?" ಎಂದರು. ನನ್ನ ಮನೆಯ ಬಾಗಿಲಲ್ಲಿ ನಾನೇ ಯಾವೂರವನು! ತಲೆ ಕೆಟ್ಟುಹೋಯಿತು. ಕಾಲಿನ ಜೋಡು ಬಿಚ್ಚದೆ ಹಾಗೆಯೇ ತಿರುಗಿ, ಊರ ಹೊರಗೆ ಬಿಡಾರ ಮಾಡಿದ್ದ ರಸ್ತೆಯ ಓವರ್ಸೀಯರ ಸಾಹೇಬರ ಹತ್ತಿರ ಹೋಗಿ ಗಂಟಲು ಹರಿಯುವಂತೆ ಕೂಗಾಡಿದೆ. ಅವರು ತಣ್ಣಗೆ ಎಲ್ಲವನ್ನೂ ಕೇಳಿದರು.

"ಮಂದಿ ನಿಮ್ಮ ಕಟ್ಟಿ ಮ್ಯಾಲ ಕುಂದರ್ತಾರ. ಇದ ಹೌದಲ್ರಿ ನಿಮ್ಮ ತಕರಾರು?"

"ಇದ ರೀ!"

"ಆತು ಹೋಗ್ರಿ. ನಾಳಿಗೆ ಬಗಿಹರಸ್ತೇನಿ."

ಇಂಥ ಅಧಿಕಾರಿಗಳೂ ಇರುತ್ತಾರಲ್ಲ ಎಂದು ಮನೆಗೆ ಬಂದು ಹೆಂಡತಿಯ ಮುಂದೆ ಮೀಸೆ ತಿರುವಿದೆ. ಮರುದಿನ ಅಂಗಡಿಗೆ ಸುದ್ದಿ ಬಂತು. ಓಡಿ ಬರುವಷ್ಟರಲ್ಲಿ ಹಾರೆ, ಗುದ್ದಲಿ ಹಿಡಿದ ಆಳುಗಳು ಕಟ್ಟೆಯ ಅರ್ಧ ಕಿತ್ತು ಹಾಕಿದ್ದರು. ಓವರ್ಸೀಯರ ಸಾಹೇಬರು ಛತ್ರಿ ಹಿಡಿದು ನಿಂತಿದ್ದರು. ನಾನು ಬಾಯಿ ತೆಗೆಯುವ ಮೊದಲೇ, "ಕಟ್ಟಿ ಸರಕಾರಿ ರಸ್ತಾಕ್ಕ ಬಂದಿತ್ರಿ. ಈಗ ಬಸ್ಸಿಗೂ ಜಾಗ ಆತು, ನಿಮ್ಮ ತಕರಾರೂ ಹೋತು. ಕಟ್ಟೀನ ಇಲ್ಲಂದ್ರ ಯಾರು ಕುಂದರ್ತಾರ್ರಿ?" ಎಂದರು. ಅಪ್ಪ ಕೂತು ಕೂತು ನುಣುಪಾದ ಕಲ್ಲು ಗಟಾರಿನ ಮೇಲೆ ಅಡ್ಡ ಬಿದ್ದಿತ್ತು. ಅವ್ವ ಹೊಸ್ತಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದಳು. ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ನನಗೆ ಅಳು ಬಂತು. ಅದು ಮಂದಿಗೆ ಕಾಣಬಾರದೆಂದು ಇನ್ನಷ್ಟು ಜೋರಾಗಿ ಕೂಗಾಡಿದೆ. ಆಳುಗಳು ಉಳಿದರ್ಧವನ್ನೂ ಕಿತ್ತು, ಕೈಕಾಲು ತೊಳೆದುಕೊಂಡರು. ಅವ್ವ ಅವರಿಗೂ ಬೆಲ್ಲ ನೀರು ಕೊಟ್ಟಳು.

ಹೋಗಲಿ, ಇನ್ನು ಮೇಲೆ ಯಾವನೂ ಬಂದು ಕೂರುವುದಿಲ್ಲವಲ್ಲ ಎಂದು ಹೇಗೋ ಮನಸ್ಸು ಗಟ್ಟಿ ಮಾಡಿಕೊಂಡೆ. ಮಾರನೆಯ ಸಂಜೆ ಬಂದು ನೋಡುತ್ತೇನೆ, ಹೊಸ್ತಿಲಿನ ಹೊರಗೆ ಜೋಡುಗಳ ರಾಶಿ. ಮಂದಿ ಬಿಸಿಲಲ್ಲಿ ನಿಂತದ್ದನ್ನು ಕಂಡು ಅವ್ವ, "ಹೊರಗ್ಯಾಕ ನಿಂತೀರಿ? ಒಳಗ ಬರ್ರಿ" ಎಂದು ಎಲ್ಲರನ್ನೂ ಕರೆದುಬಿಟ್ಟಿದ್ದಳು. ಪಡಸಾಲೆ ತುಂಬಿತ್ತು. ನನ್ನ ಗೂಟಕ್ಕೆ ಯಾರದೋ ರುಮಾಲು, ನನ್ನ ಹಾಸಿಗೆಯ ಮೇಲೆ ಯಾರದೋ ಕೂಸು. ಹೊಸ್ತಿಲು ದಾಟಲು ಹೋದರೆ ಒಬ್ಬಾಕೆ, "ಜಾಗಿಲ್ರಿ ಅಣ್ಣಾರ, ಹೊರಗ ನಿಂದರ್ರಿ" ಎಂದಳು.

ಹೊರಗೆ ಬಂದೆ. ಇಡೀ ಪೇಟೆ ಬೀದಿಯಲ್ಲಿ ಬಿಡುವಾಗಿ ಕೂರಲು ಜಾಗವಿದ್ದದ್ದು ಒಂದೇ ಕಡೆ. ಮಂದಿಯೆಲ್ಲ ನಮ್ಮ ಮನೆಯಲ್ಲಿದ್ದುದರಿಂದ ಬಸ್ಸು ಖಾಲಿ ಬಿದ್ದಿತ್ತು. ಹತ್ತಿ ಕಿಟಕಿಯ ಪಕ್ಕದ ಬಾಕಿನ ಮೇಲೆ ಕೂತೆ, ಬೆನ್ನು ಒರಗಿಸಿದೆ. ಸುಡುಗಾಡು ಬಸ್ಸು, ಒರಗಲು ಬಲು ಚೆನ್ನಾಗಿತ್ತು. ಹುಸೇನಸಾಬ ಚಕ್ರ ತಿರುವುವುದನ್ನು ಬಿಟ್ಟು, ಬೆವರು ಒರೆಸಿಕೊಂಡು ಕಿಟಕಿಯ ಹತ್ತಿರ ಬಂದ.

"ಎಲ್ಲಿಗ್ರಿ ಯಜಮಾನ್ರ?"

"ಎಲ್ಲಿಗೂ ಇಲ್ಲೋ. ನಿನ್ನ ಚಕ್ರ ನೀ ತಿರುವು. ಅವಸರ ಮಾತ್ರ ಮಾಡಬ್ಯಾಡ" ಎಂದೆ.