ತಗ್ಗಿಸಲು ಮಾತ್ರ ಬರುವ ಗುಂಡಿ

ಮೊದಲೇ ಹೇಳಿಬಿಡುತ್ತೇನೆ, ಈ ವಿಷಯದಲ್ಲಿ ನಾನು ಸೋತಿಲ್ಲ. ಸೋತಿದ್ದೇನೆಂದು ಕಂಕನಾಡಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿರುವ ಸಂಜೀವ ಹೇಳುತ್ತಾನೆ. ನನ್ನ ಹೆಂಡತಿ ಸೆಲಿನ್ ಬರೀ ನಗುತ್ತಾಳೆ. ಇಬ್ಬರನ್ನೂ ನಂಬಬೇಡಿ. ಒಂದು ಮನೆಯ ಯಜಮಾನ ಯಾರೆಂದು ತಿಳಿಯಲು ರೇಷನ್ ಕಾರ್ಡು ನೋಡಿ ಪ್ರಯೋಜನವಿಲ್ಲ. ಆ ಮನೆಯಲ್ಲಿ ಹಾಡಿನ ಪೆಟ್ಟಿಗೆಯ ಗುಂಡಿ ಯಾರ ಕೈಯಲ್ಲಿದೆ ಎಂದು ನೋಡಬೇಕು. ತಿರುಗಿಸಿದರೆ ಸದ್ದು ಏರುವ, ಇಳಿಯುವ ಆ ಗುಂಡಿಗಾಗಿ ನಾನು ಒಂದು ವರ್ಷ ಹೋರಾಡಿದವನು. ಜನ ಇದಕ್ಕಿಂತ ಸಣ್ಣ ವಿಷಯಗಳಿಗೆ ಕೋರ್ಟಿಗೆ ಹೋಗಿದ್ದಾರೆ.

ನಾನು ಹಂಚಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಪ್ರೆಸ್ಸಿನ ವಿಭಾಗದ ಮೇಲ್ವಿಚಾರಕ. ಯಂತ್ರಗಳು ದಿನವಿಡೀ ಮಣ್ಣನ್ನು ದಡದಡ ಒತ್ತುತ್ತಿರುತ್ತವೆ. ಅವುಗಳ ನಡುವೆ ನಿಂತು ಕಿರುಚುವುದೇ ನನ್ನ ಉದ್ಯೋಗ. ಅಂಥವನು ಸಂಜೆ ಕುಲಶೇಖರದ ನನ್ನ ಮನೆಗೆ ಬಂದು ಒಂದು ಗಂಟೆ ಪಿಟೀಲು ಕೇಳಬಾರದೇ? ನನ್ನ ಅಪ್ಪ ಇಗರ್ಜಿಯ ಗಾಯನ ಮಂಡಳಿಯಲ್ಲಿ ಪಿಟೀಲು ನುಡಿಸುತ್ತಿದ್ದರು. ನನಗೂ ಕಲಿಸಲು ನೋಡಿದರು. ಮೂರು ತಿಂಗಳಲ್ಲಿ ಅವರಿಗೇ ಸಾಕಾಯಿತು. ವಿದ್ಯೆ ಬರಲಿಲ್ಲ, ಕೇಳುವ ಚಟ ಮಾತ್ರ ಉಳಿಯಿತು. ಅಂಗಡಿಯಿಂದ ಸಿದ್ಧ ರೇಡಿಯೋಗ್ರಾಂ ತರುವ ಬದಲು ರೆಕಾರ್ಡು ಪ್ಲೇಯರ್, ಸ್ವರ ಹಿಗ್ಗಿಸುವ ವಾಲ್ವಿನ ಆಂಪ್ಲಿಫಯರ್, ಸ್ಪೀಕರ್ ಎಲ್ಲವನ್ನೂ ಬಿಡಿಬಿಡಿಯಾಗಿ ಸಂಜೀವನಿಂದ ಜೋಡಿಸಿಕೊಂಡೆ. ಇದಕ್ಕೆ ಹೈಫೈ ಎನ್ನುತ್ತಾರೆಂದು ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದ್ದೆ. ಕಾರ್ಖಾನೆಯಲ್ಲಿ ಆ ಶಬ್ದವನ್ನು ದಿನಕ್ಕೆ ಮೂರು ಸಲವಾದರೂ ಬಳಸುತ್ತಿದ್ದೆ.

ತೊಂದರೆ ಇದ್ದದ್ದು ಸೆಲಿನ್‌ಳ ಕೈಯಲ್ಲಿ. ಅವಳು ಬೈದು ಸದ್ದು ತಗ್ಗಿಸಿದರೆ ನಾನೂ ಬೈಯಬಹುದಿತ್ತು. ಅವಳು ಬೈಯುವುದಿಲ್ಲ. ಸಂಜೆ ಇಗರ್ಜಿಯ ಗಂಟೆಯಾದರೆ ಇದ್ದಲ್ಲೇ ಎದ್ದು ನಿಂತು ಪ್ರಾರ್ಥನೆ ಹೇಳುವುದು ನಮ್ಮ ಮನೆಗಳ ಕ್ರಮ. ಗಂಟೆಯಾದ ಕೂಡಲೇ ಅವಳು ಅಡುಗೆಮನೆಯಿಂದ ಬಂದು ಗುಂಡಿ ತಗ್ಗಿಸುತ್ತಾಳೆ. ದೇವರ ಹೆಸರಿನಲ್ಲಿ ತಗ್ಗಿಸಿದ್ದನ್ನು ನಾನು ಪ್ರಶ್ನಿಸುವ ಹಾಗಿಲ್ಲ. ಪ್ರಾರ್ಥನೆ ಮುಗಿಯುತ್ತದೆ, ದೇವರು ತನ್ನ ಕೆಲಸಕ್ಕೆ ಹೋಗುತ್ತಾನೆ, ಗುಂಡಿ ಮಾತ್ರ ಅಲ್ಲೇ ಕೂತಿರುತ್ತದೆ. ನಾನು ಎದ್ದು ಹೋಗಿ ಏರಿಸಿ ಬಂದು ಕೂತರೆ, ಕುಡಿಯುವ ನೀರು ಕೊಡಲು ಬಂದವಳು ಹೋಗುತ್ತಾ ಮತ್ತೆ ತಗ್ಗಿಸಿರುತ್ತಾಳೆ.

ಅಷ್ಟರಲ್ಲಿ ಆ ಹಳೆಯ ಗುಂಡಿಯೂ ಕೆಟ್ಟಿತು. ಅದು ಕಾರ್ಬನ್ನಿನದು, ನಮ್ಮೂರಿನ ಒಂದು ಮಳೆಗಾಲ ಕಳೆದದ್ದೇ ತಿರುಗಿಸಿದಾಗಲೆಲ್ಲ ಕರಕರ ಎನ್ನತೊಡಗಿತು. ಹೊಸತನ್ನು ಆರಿಸಲು ಸಂಜೀವನ ಅಂಗಡಿಗೆ ಹೋದೆ. ಅವನು ಉಳ್ಳಾಲದ ಮೀನು ಹಿಡಿಯುವ ಮನೆತನದವನು. ದೋಣಿ ಹತ್ತಿದರೆ ವಾಂತಿಯಾಗುತ್ತದೆಂದು ರೇಡಿಯೋ ಕೆಲಸ ಕಲಿತವನು.

“ಇನ್ನೊಂದು ವಾಲ್ವ್ ಹಾಕುವ, ಪೊರ್ಬುಗಳೇ,” ಎಂದ. ನಮ್ಮ ಕ್ರೈಸ್ತರನ್ನು ಇಲ್ಲಿ ಎಲ್ಲರೂ ಹಾಗೆಯೇ ಕರೆಯುವುದು. “ಸ್ವರವನ್ನು ಮೊದಲು ದೊಡ್ಡದು ಮಾಡುವ, ಮತ್ತೆ ಬೇಕಾದಷ್ಟು ತಗ್ಗಿಸುವ.”

“ದೊಡ್ಡದು ಮಾಡಿ ಮತ್ತೆ ಸಣ್ಣದು ಮಾಡ್ಲಿಕ್ಕೆ ನನಗೆಂತ ಹುಚ್ಚಾ ಮಾರಾಯ? ನನಗೆ ಪ್ಯಾಸಿವ್ ಬೇಕು,” ಎಂದೆ. ಪತ್ರಿಕೆಯಲ್ಲಿ ಓದಿದ್ದು ಅದನ್ನೇ. ಅದರಲ್ಲಿ ವಾಲ್ವಿಲ್ಲ, ಕರೆಂಟಿಲ್ಲ. ಒಂದು ಸ್ವಿಚ್ಚು, ಅದರ ಸುತ್ತಲೂ ಕೆಲವು ರೆಸಿಸ್ಟರುಗಳು, ಹನ್ನೆರಡು ಮೆಟ್ಟಿಲು. ತಿರುಗಿಸಿದರೆ ಟಕ್ ಟಕ್ ಎಂದು ಒಂದೊಂದೇ ಮೆಟ್ಟಿಲು ದಾಟುತ್ತದೆ. ಸ್ವರಕ್ಕೆ ತನ್ನದೇನನ್ನೂ ಸೇರಿಸುವುದಿಲ್ಲ. ಬಂದದ್ದರಲ್ಲಿ ಒಂದಷ್ಟನ್ನು ತಡೆದು ಉಳಿದದ್ದನ್ನು ಬಿಡುತ್ತದೆ.

“ಅದಕ್ಕೆ ಏರಿಸ್ಲಿಕ್ಕೆ ಬರುವುದಿಲ್ಲ, ತಗ್ಗಿಸ್ಲಿಕ್ಕೆ ಮಾತ್ರ ಬರುವುದು,” ಎಂದ ಸಂಜೀವ. “ಅಂಥದ್ದೊಂದು ನಿಮ್ಮ ಮನೆಯಲ್ಲಿ ಮೊದಲೇ ಉಂಟಲ್ಲ?”

ಸೆಲಿನ್ ಅಲ್ಲಿರಲಿಲ್ಲ, ಆದ್ದರಿಂದ ನಾನು ನಕ್ಕೆ. ನಕ್ಕು ಮುಗಿಸಿ ನನ್ನ ಯೋಜನೆಯನ್ನು ಹೇಳಿದೆ. ಗುಂಡಿ ಆಂಪ್ಲಿಫಯರಿನ ಹತ್ತಿರ ಇರಬಾರದು. ನನ್ನ ಆರಾಮಕುರ್ಚಿಯ ಕೈಗೆ ಅದನ್ನು ಸ್ಕ್ರೂ ಹಾಕಿ ಬಿಗಿಯಬೇಕು. ತಂತಿ ಗೋಡೆಯ ಬದಿಯಿಂದ ಹದಿನೈದು ಅಡಿ ಬರಲಿ, ಹದಿನೈದು ಅಡಿ ಹಿಂದೆ ಹೋಗಲಿ. ಇನ್ನು ಗುಂಡಿ ಮುಟ್ಟಬೇಕಾದರೆ ಅವಳು ನನ್ನ ಮೈಮೇಲೆ ಬೀಳಬೇಕು.

ಸಂಜೀವನ ಮುಖ ಸಣ್ಣದಾಯಿತು. “ಆಗ್ಲಿಕ್ಕಿಲ್ಲ ಪೊರ್ಬುಗಳೇ. ಪ್ಯಾಸಿವ್‌ಗೆ ಸ್ವಂತ ಬಲ ಇಲ್ಲ. ಅಷ್ಟು ಉದ್ದದ ತಂತಿಯಲ್ಲಿ ಅದು ಸ್ವರವನ್ನು ತಳ್ಳುವುದಿಲ್ಲ. ಪಿಟೀಲಿನ ಮೇಲಿನ ಸಣ್ಣ ಸ್ವರ ಉಂಟಲ್ಲ, ಅದು ದಾರಿಯಲ್ಲೇ ಸಾಯ್ತದೆ.”

“ಸಾಯ್ಲಿ, ನೀನು ಹಾಕು,” ಎಂದೆ. ಹಾಕಿದ.

ಆಹಾ, ಆ ತಿಂಗಳುಗಳ ಸುಖ. ಕುರ್ಚಿಯಲ್ಲಿ ಒರಗಿ, ಎಡಗೈ ಗುಂಡಿಯ ಮೇಲಿಟ್ಟು, ಒಂಬತ್ತನೆಯ ಮೆಟ್ಟಿಲಿನಲ್ಲಿ ಪಿಟೀಲು ಕೇಳುತ್ತಿದ್ದೆ. ಸೆಲಿನ್‌ಗೆ ಬೇಕಾದದ್ದು ನಾಲ್ಕನೆಯದು. ನಮ್ಮ ಕಡೆಯ ಹೆಂಡತಿಯರು ಗಂಡನ ಹೆಸರು ಹಿಡಿದು ಕರೆಯುವುದಿಲ್ಲ, ‘ಕೇಳಿತಾ’ ಎಂದು ಕೂಗುತ್ತಾರೆ. ಅವಳು ಬಾಗಿಲಲ್ಲಿ ನಿಂತು ನಾಲ್ಕೈದು ಸಲ ಹಾಗೆ ಕೂಗುತ್ತಿದ್ದಳು; ನಾನು ತಿರುಗಿ ನೋಡುತ್ತಿರಲಿಲ್ಲ. ಬೇಕೆಂದೇ ಹಾಗೆ ಮಾಡುತ್ತೇನೆಂದು ಅವಳು ತಿಳಿದಳು. ನಾನೂ ಹಾಗೆಯೇ ತಿಳಿದಿದ್ದೆ. ಒಂದು ದಿನ ಕಣ್ಣು ತೆರೆದಾಗ ಅವಳು ನನ್ನೆದುರು ಕೈಮುಗಿದು ನಿಂತು, ಪಿಟೀಲಿಗಿಂತ ಜೋರಾಗಿ ಪ್ರಾರ್ಥನೆ ಹೇಳುತ್ತಿದ್ದಳು.

“ಗಂಟೆ ಆದದ್ದು ಕೇಳ್ಲಿಲ್ಲವಾ ನಿಮಗೆ?” ಎಂದಳು, ಮುಗಿಸಿದ ಮೇಲೆ.

“ಗಂಟೆ ಹೊಡೆಯುವವನು ಬದಲಾಗಿದ್ದಾನೆ. ಈಗಿನವನು ಮೆಲ್ಲ ಹೊಡೀತಾನೆ,” ಎಂದೆ.

“ಹನ್ನೊಂದು ವರ್ಷದಿಂದ ಒಬ್ಬನೇ ಹೊಡೆಯುವುದು,” ಎಂದಳು. ವಯಸ್ಸಾಗಿರಬೇಕು ಪಾಪ, ಕೈ ಸೋತಿದೆ ಎಂದು ನಾನು ವಾದಿಸಿದೆ.

ಒಂದು ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಬಂದು ಕೂತಿದ್ದಾಗ ಸಂಜೀವ ಉಳ್ಳಾಲದಿಂದ ಬಂಗುಡೆ ಮೀನು ಹಿಡಿದುಕೊಂಡು ಬಂದ. ರೆಕಾರ್ಡು ತಿರುಗುತ್ತಿತ್ತು. ಅವನು ತಲೆ ವಾಲಿಸಿ ಸ್ವಲ್ಪ ಹೊತ್ತು ಕೇಳಿ, “ಪಿಟೀಲಿಗೆ ಶೀತ ಆಗಿದೆಯಲ್ಲ,” ಎಂದ. ತಗಡಿನ ಡಬ್ಬಿಯಂಥ ರೇಡಿಯೋಗಳನ್ನು ರಿಪೇರಿ ಮಾಡಿ ನಿನ್ನ ಕಿವಿ ಹಾಳಾಗಿದೆ ಎಂದು ನಾನು ಹೇಳಿದೆ. ಅವನು ಗುಂಡಿಯನ್ನು ಕುರ್ಚಿಯಿಂದ ಬಿಚ್ಚಿ, ಆಂಪ್ಲಿಫಯರಿನ ಪಕ್ಕದಲ್ಲಿಟ್ಟು, ಗೇಣುದ್ದದ ತಂತಿಯಲ್ಲಿ ಜೋಡಿಸಿದ. ಅವನು ಬಂದಾಗ ಮಾತಾಡಲೆಂದು ನಾನು ಇಳಿಸಿದ್ದ ನಾಲ್ಕನೆಯ ಮೆಟ್ಟಿಲಿನಲ್ಲೇ ಗುಂಡಿ ಇತ್ತು. ಅದೇ ರೆಕಾರ್ಡನ್ನು ಮತ್ತೆ ಹಾಕಿದ.

“ಎಂತದ್ದೂ ವ್ಯತ್ಯಾಸ ಇಲ್ಲ,” ಎಂದೆ ಗೆದ್ದ ಸಂತೋಷದಲ್ಲಿ.

ಆಗ ಸೆಲಿನ್ ಅಡುಗೆಮನೆಯಿಂದ ಬಂದಳು. ಕೈಯಲ್ಲಿ ಮಸಾಲೆ ಹಾಗೆಯೇ ಇತ್ತು. ಅವಳು ಗುಂಡಿಯ ಕಡೆ ನೋಡಲೇ ಇಲ್ಲ. “ಕೇಳಿತಾ, ಮಾವ ನುಡಿಸ್ತಿದ್ದ ಹಾಗೆಯೇ ಉಂಟಲ್ಲ,” ಎಂದಳು. “ಆ ಕೊನೆಗೆ ಎಳೆಯುವ ಸಣ್ಣ ಸ್ವರ.”

“ಯಾವ ಸ್ವರ?” ಎಂದೆ.

ಅವರಿಬ್ಬರೂ ಮುಖಮುಖ ನೋಡಿಕೊಂಡರು. ಸಂಜೀವ ಉದ್ದದ ತಂತಿ ಜೋಡಿಸಿದ. “ಈಗ ಇಲ್ಲ,” ಎಂದಳು. ಗೇಣಿನದನ್ನು ಜೋಡಿಸಿದ, “ಈಗ ಉಂಟು,” ಎಂದಳು. ನನಗೆ ಎರಡರಲ್ಲೂ ಒಂದೇ ಪಿಟೀಲು.

“ಪ್ರೆಸ್ಸಿನ ಹತ್ತಿರ ನಿಂತು ಎಷ್ಟು ವರ್ಷ ಆಯ್ತು ಪೊರ್ಬುಗಳೇ?” ಎಂದು ಸಂಜೀವ ಮೆಲ್ಲಗೆ ಕೇಳಿದ. ಎರಡನೆಯ ಸಲ ಕೇಳಿದಾಗ ನನಗೆ ಗೊತ್ತಾಯಿತು. ಇಪ್ಪತ್ತೆರಡು ಎಂದೆ. “ಹಾಗಾದ್ರೆ ನಿಮಗೆ ತಂತಿಯ ತೊಂದರೆ ಅಲ್ಲ,” ಎಂದ.

“ತಂತಿಯದ್ದೇ,” ಎಂದೆ.

ಸೆಲಿನ್ ಸೆರಗಿಗೆ ಕೈ ಒರೆಸಿಕೊಂಡು, ನೇರ ಹೋಗಿ ಗುಂಡಿಯನ್ನು ಏರಿಸಿದಳು. ಟಕ್ ಟಕ್ ಎಂದು ಒಂಬತ್ತರವರೆಗೂ ಏರಿಸಿದಳು. “ಇರ್ಲಿ, ಚೆನ್ನಾಗಿ ಕೇಳಿ,” ಎಂದಳು. ಅವಳು ತಗ್ಗಿಸಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಏರಿಸಿದಾಗ ಅಳು ಬಂತು. ಅಪ್ಪನ ಪಿಟೀಲಿನ ಆ ಸ್ವರ ನನ್ನ ಮನೆಯಲ್ಲಿ ನನ್ನ ಹೆಂಡತಿಗೆ ಕೇಳುತ್ತದೆ, ನನಗಿಲ್ಲ. ಆದರೆ ಮೀನು ತಂದವನೆದುರು ಅಳುವ ಜಾತಿಯವನಲ್ಲ ನಾನು. ಎದ್ದೆ. ಹೋಗಿ ಗುಂಡಿಯನ್ನು ನಾಲ್ಕಕ್ಕೆ ಇಳಿಸಿದೆ. “ಈ ಮನೆಯಲ್ಲಿ ಇದನ್ನು ತಿರುಗಿಸುವವನು ನಾನು,” ಎಂದು ಇಬ್ಬರಿಗೂ ಕೇಳುವಂತೆ ಹೇಳಿದೆ. ಬೀದಿಗೂ ಕೇಳಿತೆಂದು ಆಮೇಲೆ ಸೆಲಿನ್ ಹೇಳಿದಳು.

ಅಂದಿನಿಂದ ಅದಕ್ಕೆ ಬೇರೆ ಯಾರೂ ಕೈ ಹಾಕಿಲ್ಲ. ಗುಂಡಿ ಗೇಣು ತಂತಿಯಲ್ಲಿ, ನಾಲ್ಕನೆಯ ಮೆಟ್ಟಿಲಿನಲ್ಲಿ, ನನ್ನ ಅಪ್ಪಣೆಯಂತೆಯೇ ಇದೆ. ಈಗ ಸೆಲಿನ್ ಸಂಜೆ ಅಡುಗೆ ಬೇಗ ಮುಗಿಸಿ ಪಕ್ಕದಲ್ಲಿ ಬಂದು ಕೂರುತ್ತಾಳೆ. ಆ ಸಣ್ಣ ಸ್ವರ ಬಂದಾಗ ಅವಳಿಗೆ ಗೊತ್ತಿಲ್ಲದೆಯೇ ಅವಳ ಬೆರಳು ಸ್ವಲ್ಪ ಮೇಲೇಳುತ್ತದೆ. ನಾನು ಅದನ್ನು ಓರೆಗಣ್ಣಿನಿಂದ ನೋಡಿ, ಸರಿಯಾದ ಜಾಗದಲ್ಲಿ ತಲೆದೂಗುತ್ತೇನೆ. ಮೊನ್ನೆ ಅವಳು ಬೆರಳೆತ್ತಿದ್ದು ನೊಣ ಓಡಿಸಲಿಕ್ಕಂತೆ, ರೆಕಾರ್ಡು ಮುಗಿದು ಆಗಲೇ ಐದು ನಿಮಿಷವಾಗಿತ್ತಂತೆ. ಆಗಲೂ ನಾನು ಕಣ್ಣು ಅರ್ಧ ಮುಚ್ಚಿ, ಬಹಳ ಚೆನ್ನಾಗಿಯೇ ತಲೆದೂಗಿದೆ.