ಮಧ್ಯಾಹ್ನದ ನಿದ್ದೆ, ಮಿಂಚುಳ್ಳಿಯ ಮನೆ

ಕೆಟ್ಟ ಕೆಲಸಕ್ಕೆ ಕತ್ತಲೆ ಬೇಕು ಎಂದು ನಂಬಿದವರು ಪುಣೆಯಲ್ಲಿ ಒಂದು ಮಧ್ಯಾಹ್ನವನ್ನೂ ಕಳೆದಿರಲಾರರು. ಇಲ್ಲಿ ಊಟವಾದದ್ದೇ ತಡ, ಹಳೆಯ ಪೇಟೆಗಳೆಲ್ಲ ಕಣ್ಣು ಮುಚ್ಚುತ್ತವೆ. ಅಂಗಡಿಯವರು ಶಟರ್ ಅರ್ಧಕ್ಕೆ ಇಳಿಸಿ ಒಳಗೆ ಒರಗುತ್ತಾರೆ. ಆ ಹೊತ್ತಿನಲ್ಲಿ ಹೋಗಿ ಸಕ್ಕರೆ ಕೇಳಿದರೆ ಸಕ್ಕರೆ ಸಿಗುವುದಿಲ್ಲ. ಮನುಷ್ಯನಾದವನು ಯಾವ ಹೊತ್ತಿಗೆ ಸಕ್ಕರೆ ಕೊಳ್ಳಬೇಕು ಎಂಬ ಬುದ್ಧಿಮಾತು ಸಿಗುತ್ತದೆ. ಕೆಲವು ಮನೆಗಳ ಬಾಗಿಲಲ್ಲಿ, ಈಗ ಬೆಲ್ ಒತ್ತುವವರು ತಮ್ಮ ಸಂಸ್ಕಾರವನ್ನು ತಾವೇ ಅಳೆದುಕೊಳ್ಳಬೇಕೆಂದು ಬೋರ್ಡೇ ತೂಗುತ್ತಿರುತ್ತದೆ. ವಾಚಮನ್ ಕುರ್ಚಿಯಲ್ಲಿ, ನಾಯಿ ಕುರ್ಚಿಯ ಕೆಳಗೆ. ವಿಮಾನ ನಗರದ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮ ಬೆಂಗಳೂರಿನ ಹುಡುಗರು ಇದನ್ನು ನಂಬುವುದಿಲ್ಲ. ಅವರ ಆಫೀಸಿನಲ್ಲಿ ಹಗಲೂ ಇಲ್ಲ, ರಾತ್ರಿಯೂ ಇಲ್ಲ, ಬರೀ ಟ್ಯೂಬ್‌ಲೈಟ್ ಇರುತ್ತದೆ. ಆದರೆ ನಾನು ಈ ನಿದ್ದೆಯ ಭಕ್ತ. ಬೈಲಹೊಂಗಲದ ಕಡೆಯಿಂದ ಈ ಊರಿಗೆ ಬಂದು ನಾನು ಮರಾಠಿಗಿಂತ ಮೊದಲು ಕಲಿತದ್ದು ಈ ನಿದ್ದೆಯನ್ನೇ. ನಾನು ಮಾಡಿದ ಹೇಸಿ ಕೆಲಸಕ್ಕೂ ಅದೇ ಕಾರಣ. ಹಣದ ಆಸೆಯಿಂದ ಕೆಟ್ಟವರಿಗೆ ಕನಿಷ್ಠ ಒಂದು ಗತ್ತಾದರೂ ಇರುತ್ತದೆ. ನಾನು ಕೆಟ್ಟದ್ದು ದಿಂಬಿನ ಆಸೆಗೆ.

ನನ್ನದು ಒಂದು ಸಣ್ಣ ಟೆಂಪೊ. ಒಳಗೊಂದು ಹಿಡಿಕೆ ಎಳೆದರೆ ಹಿಂಭಾಗ ತಾನೇ ಎದ್ದು ನಿಂತು ಹೇರಿದ್ದನ್ನೆಲ್ಲ ಕಕ್ಕುತ್ತದೆ. ಜನ ಹಳೆಯ ಗೋಡೆ ಒಡೆಸುತ್ತಾರೆ, ಹೊಸ ಅಡುಗೆಮನೆ ಕಟ್ಟಿಸುತ್ತಾರೆ. ಒಡೆದ ಇಟ್ಟಿಗೆ, ಗಾರೆ, ಸಿಮೆಂಟಿನ ಹೆಂಟೆಗಳನ್ನು ನಾನು ಹೊತ್ತೊಯ್ಯುತ್ತೇನೆ. ಇಲ್ಲಿ ಅದಕ್ಕೆ ರಾಡಾರೋಡಾ ಎನ್ನುತ್ತಾರೆ. ಹೆಸರು ಕೇಳಿದರೇ ಹಲ್ಲಿನಲ್ಲಿ ಮರಳು ಸಿಕ್ಕಂತಾಗುತ್ತದೆ. ಅದನ್ನು ಹಾಕಲು ಊರಾಚೆ ಗೊತ್ತುಮಾಡಿದ ಜಾಗವಿದೆ. ಜಾಗ ದೂರ, ರಸ್ತೆ ಕೆಟ್ಟದ್ದು, ಮುಂದೆ ಟೆಂಪೊಗಳ ಸಾಲು. ಅಲ್ಲಿಗೆ ಹೋಗಿ ಬಂದರೆ ಮಧ್ಯಾಹ್ನ ಮುಗಿದಿರುತ್ತದೆ. ನಾನು ಕಲಿತದ್ದು ಏಳನೆಯ ಇಯತ್ತೆಯವರೆಗೆ. ಎಲ್ಲಿ ತಪ್ಪು ಮಾಡಿದರೂ 'ನಾ ಕಲಿತಾಂವ ಅಲ್ರಿ' ಎಂದು ಬಿಡುತ್ತಿದ್ದೆ. ಎದುರಿನವರು ಕರಗುತ್ತಿದ್ದರು. ಆ ಮಾತು ನನಗೆ ಮಳೆಗಾಲದ ಛತ್ರಿಯಂತೆ; ಬಿಸಿಲಿನಲ್ಲೂ ಹಿಡಿದುಕೊಂಡೇ ತಿರುಗುತ್ತಿದ್ದೆ.

ತಂಗಿ ಗಿರಿಜಾ ಹಾಗಲ್ಲ. ಓದಿದಳು, ಇಲ್ಲೇ ಒಂದು ಆಸ್ಪತ್ರೆಯಲ್ಲಿ ನರ್ಸ್ ಆದಳು, ಮೂರು ಬೀದಿ ಆಚೆ ಮನೆ ಮಾಡಿದಳು. ಅವಳಿಗೊಂದು ಹುಚ್ಚು. ನಮ್ಮ ಓಣಿಯ ಹಿಂದಿನ ಗುಡ್ಡದಿಂದ, ಇಲ್ಲಿಯವರ ಮಾತಿನಲ್ಲಿ ಟೇಕಡಿಯಿಂದ, ಒಂದು ಹಳ್ಳ ಇಳಿದು ಮುಠಾ ಹೊಳೆಗೆ ಸೇರುತ್ತದೆ. ಬಹಳ ವರ್ಷ ಅದರಲ್ಲಿ ಪ್ಲಾಸ್ಟಿಕ್ ಚೀಲ, ಹಳೇ ಗಾದಿ, ಒಡೆದ ಕಮೋಡು ಬಿಟ್ಟು ಬೇರೇನೂ ಇರಲಿಲ್ಲ. ಗಿರಿಜಾ ಮತ್ತು ಅವಳಂಥ ಕೆಲವರು ಭಾನುವಾರ ಬೆಳಿಗ್ಗೆ ಕೈಗೆ ಗ್ಲೌಸ್ ಹಾಕಿಕೊಂಡು ಅದರಲ್ಲಿ ಇಳಿಯತೊಡಗಿದರು. ಗುಂಪಿನ ಹಿರಿಯರು ರಿಟೈರಾದ ಒಬ್ಬ ಇಂಜಿನಿಯರು. ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ಇವರು ಕಸ ಎತ್ತಿದರು, ಟೇಕಡಿಯ ಮೇಲೆ ನೀರು ಇಂಗಲು ಗುಂಡಿ ತೋಡಿದರು, ದಂಡೆಗೆ ಅತ್ತಿ, ಹೊಂಗೆ ನೆಟ್ಟರು. ಜೊಂಡು ಬೆಳೆದರೆ ಮಾತ್ರ ಮುಟ್ಟಲಿಲ್ಲ. 'ಸ್ವಚ್ಛ ಮಾಡಾವ್ರು ಅದನ್ಯಾಕ ಬಿಟ್ಟೀರಿ?' ಎಂದು ನಾನು ನಕ್ಕಿದ್ದೆ. ಅದು ಕಪ್ಪೆಗಳ ಬಾಣಂತಿ ಕೋಣೆ ಎಂದಳು ನರ್ಸಮ್ಮ.

ಗಟಾರಕ್ಕೆ ಇಷ್ಟು ಸೇವೆ ಯಾಕೆ ಎಂದು ಒಮ್ಮೆ ಕೇಳಿದೆ. ಅವಳು ಸಿಟ್ಟಾಗಲಿಲ್ಲ.

"ಗಟಾರ ಅನಬ್ಯಾಡಣ್ಣಾ. ಗಣಪತಿ ಬಿಡೂ ಮುಂದ ಮುಠಾ ಹೊಳೀಗೆ ಕೈ ಮುಗೀತಿಯಲ್ಲ, ಅದಕ್ಕ ನೀರು ಎಲ್ಲಿಂದ ಬರ್ತದ ಅಂದ್ಕೊಂಡಿ? ನಳದಿಂದೇನು?"

ಕಳೆದ ಬೇಸಿಗೆಯ ಶುರುವಿಗೆ ಒಂದು ದಿನ ಅವಳು ನನ್ನ ಕೈ ಹಿಡಿದು ಹಳ್ಳಕ್ಕೆ ಎಳೆದುಕೊಂಡು ಹೋದಳು. ಹಳ್ಳ ತಿರುಗುವಲ್ಲಿ ದಂಡೆ ಗೋಡೆಯಂತೆ ನೇರವಾಗಿ ನಿಂತಿದೆ, ಬರೀ ಮಣ್ಣು. ಮೇಲೆ ಗಾಡಿಯ ದಾರಿ. ಆ ಮಣ್ಣಿನಲ್ಲಿ ಮುಷ್ಟಿಯಷ್ಟು ಅಗಲದ ಒಂದು ತೂತು. ಗಿರಿಜಾ ದುರ್ಬೀನು ನನ್ನ ಕಣ್ಣಿಗಿಟ್ಟಳು. ನೀಲಿ ಮಿಂಚೊಂದು ತೂತಿನೊಳಗೆ ನುಗ್ಗಿತು. ಮಿಂಚುಳ್ಳಿ. ನೀರಿನಲ್ಲಿ ಮೀನಿದ್ದರೆ, ದಂಡೆಯಲ್ಲಿ ಮಣ್ಣಿದ್ದರೆ ಮಾತ್ರ ಬರುವ ಹಕ್ಕಿಯಂತೆ. ಇಷ್ಟು ವರ್ಷಗಳ ಕೆಲಸಕ್ಕೆ ಹಳ್ಳ ಕೊಟ್ಟ ಮೊದಲ ಉತ್ತರ ಅದು ಎಂದಳು. ಹೇಳುವಾಗ ಅವಳ ಕಣ್ಣು ತುಂಬಿತ್ತು. ನಾನು ದುರ್ಬೀನನ್ನು ತಿರುವುಮುರುವು ಹಿಡಿದು ಅವಳ ಮೂಗು ನೋಡಿ ನಗಿಸಿದೆ.

ಅದೇ ಹೊತ್ತಿಗೆ ಅವಳ ಮನೆಯ ಬಚ್ಚಲು ಸೋರತೊಡಗಿ ಗೋಡೆ ಒಡೆಸಬೇಕಾಯಿತು. ಅದು ಹಿಂದಿನ ಮಾಲೀಕರು ಹಾಕಿಸಿದ್ದ ಬಚ್ಚಲು. ಬಿಳಿ ಟೈಲ್ಸ್, ಪ್ರತಿ ಟೈಲ್ಸಿನ ಮೇಲೆ ಒಂದು ನೀಲಿ ಹಂಸ. ಹಂಸಗಳು ಎಷ್ಟು ಗಂಭೀರವೆಂದರೆ ಅಲ್ಲಿ ಸ್ನಾನ ಮಾಡಲು ನನಗೆ ಸಂಕೋಚವಾಗುತ್ತಿತ್ತು. ಅವೆಲ್ಲ ಒಡೆದು ನನ್ನ ಟೆಂಪೊ ಏರಿದವು. ಗಿರಿಜಾ ಡ್ಯೂಟಿಗೆ ಹೊರಟವಳು ಗೇಟಿನಲ್ಲಿ ನಿಂತು ಹೇಳಿದಳು: "ಊರ ಹೊರಗಿನ ಜಾಗಕ್ಕ ಒಯ್ಯಿ, ಅಣ್ಣಾ. ಎಲ್ಲೆರೆ ಚೆಲ್ಲಿ ಬರಬ್ಯಾಡ." ಛೇ, ನನಗೆ ಹೇಳಬೇಕೇ ಎಂದೆ.

ಹೊರಟಾಗ ಊಟವಾಗಿತ್ತು. ಹೆಂಡತಿ ಆ ದಿನ ಹೋಳಿಗೆ ಮಾಡಿದ್ದಳು. ಹೋಳಿಗೆ, ತುಪ್ಪ, ಬಿಸಿಲು ಮೂರೂ ಸೇರಿ ಸ್ಟಿಯರಿಂಗಿನ ಮೇಲೇ ರೆಪ್ಪೆ ಇಳಿಯತೊಡಗಿತು. ಹಳ್ಳದ ದಾರಿಗೆ ಬಂದೆ. ಒಂದು ನರಪಿಳ್ಳೆಯೂ ಇರಲಿಲ್ಲ. ತೂತಿನ ನೆನಪು ಇರಲಿಲ್ಲ ಎಂದು ಬರೆದರೆ ನೀವು ನಂಬುತ್ತೀರಿ, ನಾನು ಕಲಿತವನಲ್ಲವಲ್ಲ. ಆದರೆ ನೆನಪಿತ್ತು. ನೆನಪಿದ್ದುದರಿಂದಲೇ ಟೆಂಪೊವನ್ನು ಸ್ವಲ್ಪ ಮುಂದಕ್ಕೆ ತೆಗೆದುಕೊಂಡು ನಿಲ್ಲಿಸಿದೆ. ಅಷ್ಟು ದಯೆ ತೋರಿಸಿದ್ದಕ್ಕೆ ನನ್ನ ಬಗ್ಗೆ ನನಗೇ ಮೆಚ್ಚುಗೆಯಾಯಿತು. ಹಿಡಿಕೆ ಎಳೆದೆ. ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ಟೆಂಪೊ ಖಾಲಿ. ಇಳಿದು ನೋಡಲಿಲ್ಲ. ಇಳಿದು ನೋಡುವವನು ಅಲ್ಲಿಗೆ ಯಾಕೆ ಬರುತ್ತಾನೆ? ಮನೆಗೆ ಹೋಗಿ ಮಲಗಿದೆ. ಅಂಥ ಸೊಗಸಾದ ನಿದ್ದೆ ಆ ಬೇಸಿಗೆಯಲ್ಲಿ ಮತ್ತೆ ಬರಲಿಲ್ಲ.

ಭಾನುವಾರ ಗಿರಿಜಾ ಸಸಿಗಳನ್ನು ತರಲು ಟೆಂಪೊ ಕೇಳಿದಳು. ಹೋದೆವು. ದಂಡೆಯ ಮೇಲೆ ಗುಂಪು ಕೆಲಸ ಬಿಟ್ಟು ನಿಂತಿತ್ತು. ರಾಡಾರೋಡಾ ತಾನು ಬಿದ್ದಲ್ಲಿ ಕೂರುವ ಪೈಕಿಯದಲ್ಲ. ನಾನು ಬಿಟ್ಟ ಜಾಗದಿಂದ ಜಾರಿ, ಅಡ್ಡ ಹರಡಿ, ಮಣ್ಣಿನ ಗೋಡೆಯನ್ನು ಮೇಲಿನಿಂದ ನೀರಿನವರೆಗೆ ಮುಚ್ಚಿತ್ತು. ಅದರ ಮೇಲೆ ಮಿಂಚುಳ್ಳಿ ಕೂತಿತ್ತು. ಕೊಕ್ಕಿನಲ್ಲಿ ಒಂದು ಮೀನು. ತೂತು ಇದ್ದ ಕಡೆಗೆ ಹಾರುತ್ತಿತ್ತು, ಇಟ್ಟಿಗೆಯ ಮುಂದೆ ರೆಕ್ಕೆ ಬಡಿಯುತ್ತಿತ್ತು, ವಾಪಸು ಬಂದು ಕೂರುತ್ತಿತ್ತು. ಮರಿಗೆಂದು ತಂದ ಮೀನು ಎಂದು ಗಿರಿಜಾ ಮೆಲ್ಲಗೆ ಹೇಳಿದಳು. ದಿನವೂ ಹೀಗೇ ಬರುತ್ತಿದೆ ಎಂದು ಗುಂಪಿನ ಒಬ್ಬಾಕೆ ಹೇಳಿದರು. ಬಹಳ ಹೊತ್ತಿನ ಮೇಲೆ ಹಕ್ಕಿ ಆ ಮೀನನ್ನು ತಾನೇ ನುಂಗಿ ಹೋಯಿತು.

ಕಾಕಾ ಮರಾಠಿಯಲ್ಲಿ ಟೆಂಪೊದವರ ವಂಶವನ್ನೆಲ್ಲ ಬೈಯತೊಡಗಿದರು. ಹೇಳಲು ನಾಚಿಕೆಯಾಗುತ್ತದೆ, ನಾನೂ ದನಿ ಸೇರಿಸಿದೆ. ಇಂಥವರನ್ನು ಕಂಬಕ್ಕೆ ಕಟ್ಟಬೇಕು ಎಂದೆ. ಹಿಡಿದು ಕೊಡುವ ಜವಾಬ್ದಾರಿ ನನ್ನದು, ನನಗೆ ಎಲ್ಲ ಟೆಂಪೊದವರೂ ಗೊತ್ತು ಎಂದೆ. ಕಾಕಾ ನನ್ನ ಭುಜ ತಟ್ಟಿದರು. ಆಗ ಗಿರಿಜಾ ಬಗ್ಗಿ ಒಂದು ಚೂರು ಎತ್ತಿಕೊಂಡಳು. ಅಂಗೈಯಿಂದ ಧೂಳು ಒರೆಸಿದಳು. ನೀಲಿ ಹಂಸ, ಕುತ್ತಿಗೆಯವರೆಗೆ ಪೂರ್ತಿ ಇತ್ತು. ಹಂಸವನ್ನು ನೋಡಿದಳು, ನನ್ನನ್ನು ನೋಡಲಿಲ್ಲ. ಅವಳು ಒಂದು ಸಲ ನನ್ನ ಕಡೆ ಬೆರಳು ತೋರಿಸಿದ್ದರೆ ನಾನು ಬದುಕುತ್ತಿದ್ದೆ.

ಅವಳು ಕಾಕಾ ಅವರ ಕಡೆ ತಿರುಗಿ, ಇದು ನನ್ನ ಮನೆಯ ಬಚ್ಚಲು, ಒಡೆಸಿದವಳು ನಾನು, ಎಲ್ಲಿಗೆ ಹೋಯಿತೆಂದು ನೋಡುವುದು ನನ್ನ ಕೆಲಸವಾಗಿತ್ತು ಎಂದು ಮರಾಠಿಯಲ್ಲಿ ಹೇಳಿದಳು. ಯಾರು ತಂದು ಸುರಿದರು ಎಂದು ಕಾಕಾ ಕೇಳಿದರು. ಅವಳು ಬಗ್ಗಿ ಇನ್ನೊಂದು ಚೂರು ಎತ್ತಿಕೊಂಡಳು. ನಾನು ಪಕ್ಕದಲ್ಲೇ ಇದ್ದೆ. ಬಾಯಿಯಲ್ಲಿ ಎಲೆಯಡಿಕೆ ಇತ್ತು. ಅದನ್ನು ಉಗುಳಿ ಒಂದು ಮಾತು ಹೇಳುವುದು ದೊಡ್ಡ ಕೆಲಸವಾಗಿರಲಿಲ್ಲ. ನಾನು ಜಗಿಯುತ್ತಿದ್ದೆ. ಅಷ್ಟು ಜೋರಾಗಿ ಬೈದವನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಮುಂದಿನ ಭಾನುವಾರದಿಂದ ಗಿರಿಜಾ ಗುಂಪಿಗೆ ಹೋಗಲಿಲ್ಲ. ಕಾಕಾ ಮನೆಗೇ ಬಂದು ಕರೆದರಂತೆ, ಮುಖ ತೋರಿಸಲು ಆಗುವುದಿಲ್ಲ ಎಂದಳಂತೆ. ಮುಖ ಅವಳದು ಹೋಯಿತು, ನನ್ನದು ಉಳಿಯಿತು.

ಹಂಸದ ಚೂರು ಸಿಕ್ಕ ದಿನ ಸಂಜೆಯೇ ಅವಳ ಮನೆಗೆ ಹೋಗಿ ನನ್ನ ಹಳೆಯ ಛತ್ರಿ ಬಿಚ್ಚಿದೆ. ನಾ ಕಲಿತಾಂವ ಅಲ್ಲವ್ವ, ಹಕ್ಕಿ-ಪಕ್ಕಿ ನನಗೇನು ತಿಳೀತದ ಎಂದೆ. ಅವಳು ಕೊತ್ತಂಬರಿ ಸೋಸುತ್ತಿದ್ದಳು.

"ಏಳನೇತ್ತ ಕಲಿತವರಿಗೆ ತೂತ ಕಾಣಂಗಿಲ್ಲೇನು? ತಿಳೀದ ಮಾಡಿದ್ದರ ನಾ ಇಷ್ಟು ಅಳತಿದ್ದಿಲ್ಲ. ಕೈ ಹಿಡಿದು ಕರಕೊಂಡ ಹೋಗಿ ತೋರಿಸಿದಾಕಿ ನಾನ."

ಆ ಮಾತಿನಲ್ಲಿ 'ಅಣ್ಣಾ' ಇರಲಿಲ್ಲ. ನಮ್ಮ ಮನೆಯಲ್ಲಿ ಆ ಪದವಿಲ್ಲದೆ ಅವಳು ನನ್ನಿಂದ ಉಪ್ಪನ್ನೂ ಕೇಳಿದವಳಲ್ಲ. ಅಂದಿನಿಂದ ಅದು ನಿಂತಿತು. ನಾಗರ ಪಂಚಮಿಗೆ ಅವಳ ಮನೆಯ ಉಂಡಿ ಬಂದವು, ಡಬ್ಬಿ ಬಂತು, ಅವಳು ಬರಲಿಲ್ಲ.

ಎತ್ತುವ ಕೆಲಸ ನಾನೇ ಶುರು ಮಾಡಿದೆ. ಸುರಿಯಲು ಹಿಡಿಕೆ ಇದೆ. ತುಂಬಲು ಬುಟ್ಟಿ, ಸನಿಕೆ, ಸೊಂಟ ಬೇಕು. ಮಣ್ಣಿನ ಗೋಡೆ ಭಾರಕ್ಕೆ ಕುಸಿದಿತ್ತು; ಒಂದು ಖೇಪು ಸುರಿದದ್ದು ಮಣ್ಣಿನೊಂದಿಗೆ ಸೇರಿ ಹತ್ತಾರು ಖೇಪಿನ ರಾಶಿಯಾಗಿತ್ತು. ತೂತು ಸಿಗಲಿಲ್ಲ, ಒಳಗೆ ಏನಿತ್ತೆಂದು ನಾನು ಹುಡುಕಲೂ ಇಲ್ಲ. ಗುಂಪಿನವರು ನನ್ನನ್ನು ನೋಡಿ ಕರಗಿದರು. ತಂಗಿಯ ತಪ್ಪನ್ನು ತೊಳೆಯುತ್ತಿರುವ ಅಣ್ಣ ಎಂದು ಕಾಕಾ ನಾಲ್ಕು ಜನರ ಮುಂದೆ ಹೊಗಳಿ, ನನಗೊಂದು ಹಸಿರು ಟೋಪಿಯನ್ನೂ ಒಂದು ಅತ್ತಿ ಸಸಿಯನ್ನೂ ಕೊಟ್ಟರು. ನಾನು ಎರಡನ್ನೂ ತೆಗೆದುಕೊಂಡೆ. ಚಪ್ಪಾಳೆ ತಟ್ಟುತ್ತಿರುವವರಿಗೆ ನಡುವೆ ಬಾಯಿ ಹಾಕಿ ತೊಂದರೆ ಕೊಡುವುದು ಸರಿಯಲ್ಲ ಎನ್ನಿಸಿತು. ನೋಡಿ, ಎಲ್ಲಿಯ ಸಂಸ್ಕಾರ ಎಲ್ಲಿ ನೆನಪಾಯಿತು.

ಎತ್ತಿದ್ದನ್ನು ಎಲ್ಲಿ ಹಾಕುತ್ತೇನೆ ಎಂದು ಗುಂಪಿನವರು ಯಾರೂ ಕೇಳಲಿಲ್ಲ. ಗಿರಿಜಾ ಕೇಳಲೂ ಇಲ್ಲ. ಟೆಂಪೊದ ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂತುಬಿಟ್ಟಳು. ಅಂದಿನಿಂದ ಪ್ರತಿ ಖೇಪಿಗೂ ಬರುತ್ತಿದ್ದಳು. ಹಳ್ಳದ ದಂಡೆಯಲ್ಲಿ ಇಳಿಯುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ಊರಾಚೆಯ ಜಾಗದಲ್ಲಿ ನಾನು ಹಿಡಿಕೆ ಎಳೆಯುವವರೆಗೆ ನೋಡುತ್ತಿದ್ದಳು, ಮತ್ತೆ ಕೂರುತ್ತಿದ್ದಳು. ಓಣಿಯ ಹೆಂಗಸರು ಅಣ್ಣ-ತಂಗಿ ಅಂದರೆ ಹೀಗಿರಬೇಕು ನೋಡ್ರಿ, ಬಿಸಿಲಾಗ ಸೈತ ಜೋಡಿ ಬಿಡೂದಿಲ್ಲ ಎನ್ನುತ್ತಾರಂತೆ. ಕೈದಿ ಮತ್ತು ಪೊಲೀಸರೂ ಜೋಡಿಯಾಗಿಯೇ ತಿರುಗುತ್ತಾರೆ.

ಮೊನ್ನೆ ಕೊನೆಯ ಖೇಪು. ಹಿಂದಿನ ದಿನದ ಡ್ಯೂಟಿಯ ದಣಿವಿಗೆ ಅವಳು ಹಳ್ಳದ ದಾರಿಯಲ್ಲೇ ತಲೆ ಒರಗಿಸಿ ಕಣ್ಣು ಮುಚ್ಚಿದಳು. ಊಟವಾಗಿತ್ತು. ಬಿಸಿಲಿತ್ತು. ಮುಂದಿನ ತಿರುವಿನಲ್ಲಿ ದಂಡೆ ಖಾಲಿ, ಜನವಿಲ್ಲ, ಹಕ್ಕಿಯೂ ಇಲ್ಲ. ನನ್ನ ಕಾಲು ಬ್ರೇಕಿನ ಮೇಲೆ ಹೋಯಿತು. ರೂಢಿಯಿಂದ ಹೋಯಿತೋ ಮನಸ್ಸಿನಿಂದ ಹೋಯಿತೋ ದೇವರಾಣೆ ಗೊತ್ತಿಲ್ಲ. ಟೆಂಪೊ ನಿಧಾನವಾಯಿತು.

"ಮುಂದ ನಡಿ," ಎಂದಳು ಗಿರಿಜಾ, ಕಣ್ಣು ತೆರೆಯದೆ.

ಅದರ ಹಿಂದೆ ಆ ನಿಂತುಹೋದ ಪದ ಬರಬಹುದೆಂದು ಸ್ವಲ್ಪ ಕಾದೆ. ಬರಲಿಲ್ಲ. ಗೇರ್ ಬದಲಿಸಿ ಮುಂದೆ ನಡೆದೆ. ಎಲ್ಲ ಸುರಿದು, ಅವಳನ್ನು ಗೇಟಿನಲ್ಲಿ ಇಳಿಸಿ, ಮನೆಗೆ ಬಂದು, ಹಸಿರು ಟೋಪಿಯನ್ನು ಗೂಟಕ್ಕೆ ಸಿಕ್ಕಿಸಿ ಮಲಗಿದೆ. ತಪ್ಪು ಮಾಡಿದವರಿಗೆ ನಿದ್ದೆ ಹತ್ತುವುದಿಲ್ಲ ಎನ್ನುವುದನ್ನು ಕೇಳಿದ್ದೇನೆ. ಬೆಳಕು ಹರಿಯುವವರೆಗೆ ಹೊರಳಾಡುತ್ತಾರಂತೆ, ಪುಣ್ಯವಂತರು. ನನಗೆ ತಲೆ ಇಟ್ಟ ಕೂಡಲೇ ನಿದ್ದೆ ಬಂತು.